ಯಾವ ವಿಷಯ ಓದಬೇಕು? ಹೆಸರು ನೋಡುವ ಮೊದಲು ಕೆಲಸ ನೋಡಿ

ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಎರಡು ಪ್ರಶ್ನೆಗಳು ಜೊತೆಜೊತೆಯಾಗಿ ಬರುತ್ತವೆ. "ಎಷ್ಟು ಬಂತು?" ಎಂದು ಕೇಳಿದವರೇ ಮರುಕ್ಷಣ "ಮುಂದೇನು?" ಎಂದು ಕೇಳುತ್ತಾರೆ. ಮಗ ಅಥವಾ ಮಗಳು ಬಾಯಿ ತೆರೆಯುವ ಮುಂಚೆಯೇ ಚಿಕ್ಕಪ್ಪ, ಸೋದರಮಾವ, ಪಕ್ಕದ ಮನೆಯವರು, ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುತ್ತಿರುವವರು ಎಲ್ಲರೂ ಉತ್ತರ ಹೇಳಿ ಮುಗಿಸಿರುತ್ತಾರೆ. ತೊಂಬತ್ತು ದಾಟಿದರೆ ಸೈನ್ಸ್, ಎಪ್ಪತ್ತರ ಆಸುಪಾಸು ಇದ್ದರೆ ಕಾಮರ್ಸ್, ಅದಕ್ಕಿಂತ ಕಡಿಮೆಯಾದರೆ ಆರ್ಟ್ಸ್. ಈ ನಿಯಮವನ್ನು ಯಾವ ಶಿಕ್ಷಣ ಮಂಡಳಿಯೂ ಮಾಡಿಲ್ಲ. ಆದರೂ ಎಷ್ಟೋ ಕುಟುಂಬಗಳಲ್ಲಿ ಇದು ದಶಾಜ್ಞೆಗಳ ಜೊತೆಗೆ ಹನ್ನೊಂದನೆಯ ಆಜ್ಞೆಯಂತೆ ಪಾಲನೆಯಾಗುತ್ತಿದೆ!

ಅಂಕಗಳನ್ನು ಕಡೆಗಣಿಸಬೇಕೆಂದು ನಾವು ಹೇಳುತ್ತಿಲ್ಲ. ಅಂಕಗಳಿಗೆ ಅವುಗಳದ್ದೇ ಆದ ಬೆಲೆ ಇದೆ. ಆದರೆ ಕಳೆದ ವರ್ಷ ಕೇಳಿದ ಪ್ರಶ್ನೆಗಳಿಗೆ ಈ ಹುಡುಗ ಎಷ್ಟು ಚೆನ್ನಾಗಿ ಉತ್ತರ ಬರೆದ ಎಂಬುದನ್ನಷ್ಟೇ ಅವು ಹೇಳುತ್ತವೆ. ಮುಂದಿನ ಐದಾರು ವರ್ಷ ಪ್ರತಿದಿನ ಬೆಳಿಗ್ಗೆ ಎದ್ದು ಯಾವ ಪುಸ್ತಕ ತೆರೆದರೆ ಅವನಿಗೆ ತಲೆಭಾರವಾಗುವುದಿಲ್ಲ ಎಂಬುದನ್ನು ಅವು ಹೇಳಲಾರವು. ವಿಷಯವನ್ನು ಆರಿಸುವಾಗ ಅದರ ಹೆಸರನ್ನಲ್ಲ, ಆ ಹೆಸರಿನೊಳಗೆ ಅಡಗಿರುವ ದಿನನಿತ್ಯದ ಕೆಲಸವನ್ನು ನೋಡಬೇಕು. ಈ ಒಂದು ಮಾತನ್ನು ಮನದಟ್ಟು ಮಾಡಿಕೊಡುವುದೇ ಈ ಪಾಠದ ಉದ್ದೇಶ.

ಒಪ್ಪದ ವಿಷಯಕ್ಕೆ ಸೇರಿದ ಮಗುವಿನ ಮನೆಯನ್ನು ನೀವು ಕಂಡಿರಬಹುದು. ಮೊದಲ ಕಿರುಪರೀಕ್ಷೆಯ ಅಂಕಪಟ್ಟಿ ಚೀಲದಲ್ಲೇ ಉಳಿಯುತ್ತದೆ. ಎರಡನೆಯ ಪರೀಕ್ಷೆಯ ಹೊತ್ತಿಗೆ ಟ್ಯೂಷನ್, ಅದಕ್ಕಾಗಿ ಸೊಸೈಟಿಯಲ್ಲಿ ಸಾಲ, ತಾಯಿಯ ಬಳೆ ಅಡವು. ನಗುನಗುತ್ತಾ ಗಾನವೃಂದದಲ್ಲಿ ಹಾಡುತ್ತಿದ್ದ ಹುಡುಗಿ ಭಾನುವಾರವೂ ಕೋಣೆ ಬಿಟ್ಟು ಬರುವುದಿಲ್ಲ. "ಸೋಮಾರಿಯಾಗಿಬಿಟ್ಟಳು" ಎಂದು ಮನೆಯವರು ಅಂದುಕೊಳ್ಳುತ್ತಾರೆ. ಅವಳು ಸೋಮಾರಿಯಲ್ಲ, ಹೊರಲಾಗದ ಹೊರೆಯನ್ನು ಹೊತ್ತು ಯಾರಿಗೂ ಹೇಳಲಾಗದೆ ನಿಂತಿದ್ದಾಳೆ.

ಯಾವ ಬಾಗಿಲು ಮುಚ್ಚುತ್ತದೆ, ಯಾವುದು ತೆರೆದೇ ಇರುತ್ತದೆ?

ನಮ್ಮ ರಾಜ್ಯದಲ್ಲಿ ಪಿ.ಯು.ಸಿ.ಗೆ ಸೇರುವವರು ಎರಡು ಭಾಷೆಗಳ ಜೊತೆಗೆ ನಾಲ್ಕು ಐಚ್ಛಿಕ ವಿಷಯಗಳನ್ನು ಆರಿಸಿಕೊಳ್ಳುತ್ತಾರೆ. ಇದನ್ನೇ ನಾವು ಕಾಂಬಿನೇಷನ್ ಎನ್ನುವುದು. ಹದಿನೈದು ಹದಿನಾರರ ವಯಸ್ಸಿನಲ್ಲಿ ಮಾಡುವ ಈ ಆಯ್ಕೆ ಕೆಲವು ಬಾಗಿಲುಗಳನ್ನು ನಿಜವಾಗಿಯೂ ಮುಚ್ಚುತ್ತದೆ. ಆದ್ದರಿಂದ ಅವು ಯಾವುವೆಂದು ಮೊದಲೇ ತಿಳಿದಿರಬೇಕು.

ವೈದ್ಯಕೀಯಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು, ಜೊತೆಗೆ ನೀಟ್ ಪರೀಕ್ಷೆ. ಎಂಜಿನಿಯರಿಂಗಿಗೆ ಭೌತಶಾಸ್ತ್ರ ಮತ್ತು ಗಣಿತ ಎರಡೂ ಕಡ್ಡಾಯ. 1994ರಿಂದ ನಡೆಯುತ್ತಿರುವ ಸಿ.ಇ.ಟಿ.ಯಲ್ಲಿ ಎಂಜಿನಿಯರಿಂಗ್ ರ‍್ಯಾಂಕನ್ನು ಲೆಕ್ಕ ಹಾಕುವಾಗ ಪಿ.ಯು.ಸಿ. ಅಂಕಗಳಿಗೂ ಪ್ರವೇಶ ಪರೀಕ್ಷೆಯ ಅಂಕಗಳಿಗೂ ಸಮಪಾಲು ಇರುವುದರಿಂದ, ಕಾಲೇಜಿನ ಪಾಠವನ್ನು ಬಿಟ್ಟು ಕೋಚಿಂಗ್ ಒಂದನ್ನೇ ನಂಬಿದವರಿಗೆ ಪೆಟ್ಟು ಬೀಳುತ್ತದೆ. ಬಿ.ಎಸ್ಸಿ. ನರ್ಸಿಂಗಿಗೂ ಜೀವಶಾಸ್ತ್ರವಿರುವ ವಿಜ್ಞಾನ ವಿಭಾಗವೇ ಆಗಬೇಕು. ನಮ್ಮ ಕುಟುಂಬಗಳಿಂದ ಅನೇಕ ಹೆಣ್ಣುಮಕ್ಕಳು, ಈಗೀಗ ಗಂಡುಮಕ್ಕಳೂ ಈ ಸೇವೆಗೆ ಹೋಗುತ್ತಾರಾದ್ದರಿಂದ ಇನ್ನೊಂದು ಮಾತು: ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾಕ್ಕೆ ಕಲೆ ಅಥವಾ ವಾಣಿಜ್ಯ ಓದಿದವರೂ ಅರ್ಜಿ ಹಾಕಬಹುದು. "ಆರ್ಟ್ಸ್ ತೆಗೆದುಕೊಂಡೆ, ಇನ್ನು ನರ್ಸ್ ಆಗಲಾರೆ" ಎಂದು ಕಣ್ಣೀರು ಹಾಕುವ ಮೊದಲು ಇದನ್ನು ವಿಚಾರಿಸಿ.

ಹಾಗೆಯೇ ವಿಜ್ಞಾನದಿಂದ ವಾಣಿಜ್ಯಕ್ಕೋ ಕಲೆಗೋ ಡಿಗ್ರಿಯಲ್ಲಿ ದಾಟಿಕೊಳ್ಳಬಹುದು. ಆ ಕಡೆಯಿಂದ ಬಿ.ಎಸ್ಸಿ.ಗೆ ಸಾಮಾನ್ಯವಾಗಿ ದಾರಿಯಿಲ್ಲ. ಈ ಕಾರಣಕ್ಕಾಗಿಯೇ "ಯಾವುದಕ್ಕೂ ಇರಲಿ, ಸೈನ್ಸ್ ತಗೋ" ಎನ್ನುವವರಿದ್ದಾರೆ. ಮಗುವಿಗೆ ಗಣಿತ, ವಿಜ್ಞಾನಗಳಲ್ಲಿ ನಿಜವಾದ ಆಸಕ್ತಿಯಿದ್ದು ಮುಂದಿನ ದಾರಿ ಮಾತ್ರ ಸ್ಪಷ್ಟವಿಲ್ಲದಿದ್ದರೆ ಈ ಸಲಹೆ ಸರಿ. ಗಣಿತವೆಂದರೆ ಜ್ವರ ಬರುವ ಮಗುವಿಗೆ ಇದು ಸಲಹೆಯಲ್ಲ, ಎರಡು ವರ್ಷಗಳ ಶಿಕ್ಷೆ.

ಇನ್ನು ತೆರೆದೇ ಇರುವ ಬಾಗಿಲುಗಳನ್ನು ನೋಡಿ. ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳಿಗೆ ಯಾವ ಡಿಗ್ರಿಯಾದರೂ ಸರಿ. ಮೂರು ವರ್ಷಗಳ ಎಲ್.ಎಲ್.ಬಿ.ಗೆ ಯಾವುದೇ ಡಿಗ್ರಿ, ಐದು ವರ್ಷಗಳದ್ದಕ್ಕೆ ಯಾವುದೇ ವಿಭಾಗದ ಪಿ.ಯು.ಸಿ. ಸಾಕು. ಎಂ.ಬಿ.ಎ., ಬ್ಯಾಂಕ್ ಪರೀಕ್ಷೆಗಳೂ ಹಾಗೆಯೇ. ಚಾರ್ಟರ್ಡ್ ಅಕೌಂಟೆಂಟ್ ಆಗಲು ಫೌಂಡೇಷನ್ ಪರೀಕ್ಷೆಗೆ ಕಾಮರ್ಸೇ ಓದಿರಬೇಕೆಂಬ ನಿಯಮವಿಲ್ಲ. ಓದಿದ್ದರೆ ಅನುಕೂಲ ಅಷ್ಟೆ. ಹೀಗಿರುವಾಗ "ಬಿ.ಎ. ಸೇರಿದರೆ ಜೀವನವೇ ಮುಗಿಯಿತು" ಎಂದು ಹೆದರಿಸುವುದು ಅನ್ಯಾಯ. ಆದರೆ ಹೈಸ್ಕೂಲಿನಲ್ಲಿ ಶಿಕ್ಷಕರಾಗಬೇಕೆಂದಿರುವವರು ಎಚ್ಚರವಾಗಿರಬೇಕು. ಡಿಗ್ರಿಯಲ್ಲಿ ನೀವು ಓದಿದ ವಿಷಯವೇ ಮುಂದೆ ನಿಮ್ಮ ಬೋಧನಾ ವಿಷಯವಾಗುತ್ತದೆ. ಶಾಲೆಗಳಲ್ಲಿ ಕಲಿಸದ ವಿಷಯಗಳನ್ನೇ ಆಯ್ದುಕೊಂಡು ಬಿ.ಇಡಿ. ಬಾಗಿಲಲ್ಲಿ ನಿಂತು ಪೇಚಾಡುವವರಿದ್ದಾರೆ.

ಎಸ್.ಎಸ್.ಎಲ್.ಸಿ. ಆದ ಮೇಲೆ ಪಿ.ಯು.ಸಿ.ಯೊಂದೇ ದಾರಿ ಎಂಬುದೂ ತಪ್ಪು ಕಲ್ಪನೆ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದರೆ ಮುಖ ಅರಳುವ ಹುಡುಗರಿಗೆ ಪಾಲಿಟೆಕ್ನಿಕ್ ಇದೆ. ಮೂರು ವರ್ಷಗಳ ಡಿಪ್ಲೊಮಾ ಮುಗಿಸಿ ಡಿ.ಸಿ.ಇ.ಟಿ. ಬರೆದರೆ ನೇರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಪ್ರವೇಶ ಸಿಗಬಹುದು. 1972ರಲ್ಲಿ ಡೆನ್ಮಾರ್ಕಿನ ನೆರವಿನೊಂದಿಗೆ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ ಈಗ ರಾಜ್ಯದ ಹಲವು ಊರುಗಳಲ್ಲಿದೆ. ಅಲ್ಲಿ ಅಚ್ಚು ಮಾಡುವ ಕೆಲಸ ಕಲಿತವರನ್ನು ಕಾರ್ಖಾನೆಗಳು ಹುಡುಕಿಕೊಂಡು ಬರುತ್ತವೆ. ಬಡಗಿಯಾದ ಸಂತ ಜೋಸೆಫರನ್ನು ಕಾರ್ಮಿಕರ ಪಾಲಕರೆಂದು ಪ್ರತಿ ವರ್ಷ ಮೇ 1ರಂದು ಸ್ಮರಿಸುವ ನಾವೇ, ಐ.ಟಿ.ಐ. ಎಂದ ಕೂಡಲೇ ಮೂಗು ಮುರಿಯುವುದು ಎಷ್ಟು ಸರಿ?

ಹೆಸರಿನ ಒಳಗೆ ಏನಿದೆ?

ದೂರದ ಬೆಟ್ಟ ನುಣ್ಣಗೆ. ಕಾಲೇಜು ವಿಷಯಗಳೂ ಹಾಗೆಯೇ; ಹತ್ತಿರ ಹೋದಾಗಲೇ ಕಲ್ಲುಮುಳ್ಳು ಕಾಣುವುದು.

ಮನಃಶಾಸ್ತ್ರವನ್ನೇ ತೆಗೆದುಕೊಳ್ಳಿ. "ನನಗೆ ಜನರ ಕಷ್ಟ ಕೇಳುವುದು ಇಷ್ಟ, ಆದ್ದರಿಂದ ಸೈಕಾಲಜಿ ಓದುತ್ತೇನೆ" ಎನ್ನುವ ಮಕ್ಕಳು ಬಹಳ ಮಂದಿ. ಒಳ್ಳೆಯ ಮನಸ್ಸು. ಆದರೆ ತರಗತಿಗೆ ಹೋದರೆ ಅಲ್ಲಿ ಸಂಖ್ಯಾಶಾಸ್ತ್ರವಿದೆ, ಪ್ರಯೋಗಗಳಿವೆ, ಬರೆಯಬೇಕಾದ ವರದಿಗಳಿವೆ, ಮೆದುಳಿನ ರಚನೆಯ ಪಾಠವಿದೆ. ಜನರ ಬಳಿ ಹೋಗಿ ಅವರ ಜೊತೆಗೆ ನಿಂತು ಕೆಲಸ ಮಾಡುವ ಹಂಬಲವೇ ಮುಖ್ಯವಾದರೆ ಸಮಾಜಕಾರ್ಯ ಹೆಚ್ಚು ಒಪ್ಪಬಹುದು. ಮಂಗಳೂರಿನ ರೋಶನಿ ನಿಲಯದಂಥ ಸಂಸ್ಥೆ 1960ರಿಂದಲೂ ಅದನ್ನೇ ಕಲಿಸುತ್ತಾ ಬಂದಿದೆ. ಅಲ್ಲಿಯೂ ತರಗತಿಯ ಪಾಠದಷ್ಟೇ ಕೊಳೆಗೇರಿ, ಆಸ್ಪತ್ರೆ, ಹಳ್ಳಿಗಳ ಓಡಾಟವಿರುತ್ತದೆ. ಬಿಸಿಲಿಗೆ ಬೇಸರಪಡುವವರಿಗೆ ಅದು ಹೇಳಿದ್ದಲ್ಲ.

ಕಂಪ್ಯೂಟರ್ ಸೈನ್ಸ್ ಎಂದರೆ ಕಂಪ್ಯೂಟರಿನಲ್ಲಿ ಆಡುವುದಲ್ಲ. ಅದರ ಬೇರು ಗಣಿತದಲ್ಲಿದೆ. ಬಯೋಟೆಕ್ನಾಲಜಿ ಎಂದು ಸೇರಿದವರಿಗೆ ಅರ್ಧದಷ್ಟು ರಸಾಯನಶಾಸ್ತ್ರವೇ ಎದುರಾಗುತ್ತದೆ. ಗಣಿತದಿಂದ ತಪ್ಪಿಸಿಕೊಳ್ಳಲೆಂದು ಅರ್ಥಶಾಸ್ತ್ರಕ್ಕೆ ಓಡಿದವರನ್ನು ಗ್ರಾಫು, ಸಮೀಕರಣಗಳು ಅಲ್ಲಿಯೂ ಕಾದು ಕುಳಿತಿರುತ್ತವೆ. ಕಾಮರ್ಸಿನ ಲೆಕ್ಕಶಾಸ್ತ್ರದಲ್ಲಿ ದೊಡ್ಡ ಬುದ್ಧಿವಂತಿಕೆಗಿಂತ ಹೆಚ್ಚಾಗಿ ಬೇಕಾಗುವುದು ತಾಳ್ಮೆ: ಒಂದು ರೂಪಾಯಿ ತಾಳೆಯಾಗದಿದ್ದರೂ ಮತ್ತೆ ಮೊದಲಿನಿಂದ ನೋಡುವ ತಾಳ್ಮೆ. ಕಾನೂನು ಎಂದರೆ ಸಿನಿಮಾದಲ್ಲಿರುವಂತೆ ಕೈ ಎತ್ತಿ ವಾದಿಸುವುದಲ್ಲ. ನೂರಾರು ಪುಟದ ತೀರ್ಪುಗಳನ್ನು ಓದಿ ಅದರಲ್ಲಿ ನಮಗೆ ಬೇಕಾದ ನಾಲ್ಕು ಸಾಲು ಹುಡುಕುವುದು. ಡಿಗ್ರಿಯಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡವರಿಗೆ ಕತೆ ಕಾದಂಬರಿಗಳಷ್ಟೇ ಅಲ್ಲ, ಹತ್ತನೆಯ ಶತಮಾನದ ಪಂಪನ ಹಳಗನ್ನಡವೂ ಕೇಶಿರಾಜನ ವ್ಯಾಕರಣವೂ ಕಾದಿರುತ್ತವೆ. ಅದನ್ನು ಬಿಡಿಸಿ ಬಿಡಿಸಿ ಓದುವುದರಲ್ಲಿ ಸುಖ ಕಾಣುವವರಿಗೆ ಅದರಂಥ ವಿಷಯ ಇನ್ನೊಂದಿಲ್ಲ.

ಇನ್ನೂ ಒಂದು ಸಂಗತಿಯನ್ನು ಬೇರ್ಪಡಿಸಿ ನೋಡಬೇಕು. ಹತ್ತನೆಯ ತರಗತಿಯಲ್ಲಿ ಒಬ್ಬ ಒಳ್ಳೆಯ ಮೇಡಂ ಜೀವಶಾಸ್ತ್ರ ಕಲಿಸಿದ್ದರೆ ಮಗುವಿಗೆ ಜೀವಶಾಸ್ತ್ರವೇ ಪ್ರಿಯವಾಗಿಬಿಡುತ್ತದೆ. ಪ್ರಿಯವಾದದ್ದು ವಿಷಯವೋ ಮೇಡಮ್ಮೋ? ಮೇಡಂ ಪಿ.ಯು.ಸಿ.ಗೆ ಜೊತೆಯಲ್ಲಿ ಬರುವುದಿಲ್ಲ.

ತೆರೆದು ನೋಡಿ, ಕೂತು ನೋಡಿ

ಹಾಗಾದರೆ ಒಪ್ಪುವ ವಿಷಯವನ್ನು ತಿಳಿಯುವುದು ಹೇಗೆ? ಮಾತಿನಿಂದ ಅಲ್ಲ, ಮಾಡಿ ನೋಡುವುದರಿಂದ.

ರಜೆಯಲ್ಲಿ ನಿಮ್ಮ ಕೇರಿಯಲ್ಲಿಯೇ ಪಿ.ಯು.ಸಿ. ಮುಗಿಸಿದ ಅಣ್ಣನೋ ಅಕ್ಕನೋ ಇದ್ದರೆ ಅವರ ಹಳೆಯ ಪ್ರಥಮ ಪಿ.ಯು.ಸಿ. ಪುಸ್ತಕಗಳನ್ನು ಕೇಳಿ ತನ್ನಿ. ಭೌತಶಾಸ್ತ್ರದ ಒಂದು ಅಧ್ಯಾಯ, ಲೆಕ್ಕಶಾಸ್ತ್ರದ ಒಂದು ಅಧ್ಯಾಯ, ಇತಿಹಾಸದ ಒಂದು ಅಧ್ಯಾಯ. ಮಗು ಒಂದೊಂದರ ಜೊತೆ ಎರಡು ಮೂರು ದಿನ ಕೂರಲಿ. ಅರ್ಥವಾಯಿತೇ ಎಂದು ಕೇಳಬೇಡಿ. ಅರ್ಥವಾಗದಿದ್ದಾಗ ಏನು ಮಾಡಿತು ಎಂಬುದನ್ನು ಗಮನಿಸಿ. ಪುಸ್ತಕ ಮುಚ್ಚಿ ಎದ್ದು ಹೋಯಿತೇ ಅಥವಾ ಪೆನ್ಸಿಲ್ ಕಚ್ಚುತ್ತಾ ಮತ್ತೆ ಮೊದಲ ಸಾಲಿಗೆ ಬಂತೇ? ಮತ್ತೆ ಮತ್ತೆ ಹಿಂದಿರುಗಿ ಬರುವ ಪುಸ್ತಕವೇ ಅವನದು.

ಒಪ್ಪುವ ವಿಷಯ ಎಂದರೆ ಸುಲಭವಾದ ವಿಷಯ ಎಂದಲ್ಲ. 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಇಟಲಿಯ ಪಿಯೆರ್ ಜಾರ್ಜಿಯೊ ಫ್ರಸ್ಸಾತಿಯವರ ತಂದೆ ದೊಡ್ಡ ಪತ್ರಿಕೆಯೊಂದರ ಒಡೆಯರು, ದೇಶದ ರಾಯಭಾರಿಯಾಗಿದ್ದವರು. ಮಗ ಮಾತ್ರ ಗಣಿ ಕಾರ್ಮಿಕರ ನಡುವೆ ಬದುಕಬೇಕೆಂದು ತೂರಿನ್ ನಗರದಲ್ಲಿ ಗಣಿ ಎಂಜಿನಿಯರಿಂಗ್ ಆರಿಸಿಕೊಂಡರು. ಓದು ಅವರಿಗೆ ಸಲೀಸಾಗಿರಲಿಲ್ಲ. ಪರೀಕ್ಷೆಗಳಿಗೆ ಬಹಳ ಕಷ್ಟಪಟ್ಟು ಕೂತು ಓದಬೇಕಾಗುತ್ತಿತ್ತು. 1925ರಲ್ಲಿ, ಪದವಿ ಇನ್ನೇನು ಕೈಗೆ ಬರುವುದರಲ್ಲಿತ್ತು ಎನ್ನುವಾಗ, 24ನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿ ತೀರಿಕೊಂಡರು. ಯಾತಕ್ಕಾಗಿ ಓದುತ್ತಿದ್ದೇನೆ ಎಂಬುದು ಗೊತ್ತಿದ್ದವರಿಗೆ ಆ ಕಷ್ಟ ಕಷ್ಟವಾಗಿಯೇ ಇದ್ದರೂ ಹೊರಬಲ್ಲದ್ದಾಗಿತ್ತು.

ಕನ್ನಡ ಮಾಧ್ಯಮದ ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಹತ್ತನೆಯವರೆಗೆ ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ ಎಂದು ಓದಿದ ಮಗು ಪಿ.ಯು.ಸಿ. ವಿಜ್ಞಾನಕ್ಕೆ ಬಂದಾಗ ಎಲ್ಲವೂ ಒಮ್ಮೆಲೇ ಇಂಗ್ಲಿಷಾಗುತ್ತದೆ. ಮೊದಲ ಐದಾರು ತಿಂಗಳು ಉಸಿರು ಕಟ್ಟಿದಂತಾಗುವುದು ಸಹಜ. ಇದನ್ನು ಕಂಡು "ಇವನಿಗೆ ಸೈನ್ಸ್ ಹತ್ತುವುದಿಲ್ಲ" ಎಂದು ತೀರ್ಮಾನಿಸಿಬಿಟ್ಟರೆ ಒಳ್ಳೆಯ ವಿಜ್ಞಾನದ ವಿದ್ಯಾರ್ಥಿಯೊಬ್ಬನನ್ನು ಕಳೆದುಕೊಂಡಂತೆ. ಅದೇ ಪಾಠವನ್ನು ಯಾರಾದರೂ ಕನ್ನಡದಲ್ಲಿ ವಿವರಿಸಿದಾಗ ಅವನ ಕಣ್ಣು ಹೊಳೆಯುತ್ತದೆಯೇ, ನೋಡಿ. ಹೊಳೆದರೆ ತೊಡಕು ಇರುವುದು ಭಾಷೆಯಲ್ಲಿ. ಅದಕ್ಕೆ ಒಂದು ನಿಘಂಟು ಮತ್ತು ಆರು ತಿಂಗಳ ಸಹನೆ ಮದ್ದು. ಕನ್ನಡದಲ್ಲಿ ಹೇಳಿದರೂ ಮುಖ ಬಾಡಿದ್ದರೆ ಮಾತು ಬೇರೆ. ಕಲೆ, ವಾಣಿಜ್ಯ ವಿಭಾಗಗಳನ್ನು ಅನೇಕ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಕನ್ನಡದಲ್ಲಿಯೇ ಓದಬಹುದು ಎಂಬುದೂ ನೆನಪಿರಲಿ.

ಮುಂದೆ ಮಾಡಬೇಕಾದ ಉದ್ಯೋಗವನ್ನೂ ಹತ್ತಿರದಿಂದ ನೋಡಬೇಕು. ಇದಕ್ಕೆ ನಮ್ಮ ಧರ್ಮಕೇಂದ್ರದಂಥ ಅನುಕೂಲ ಇನ್ನೆಲ್ಲಿದೆ? ಭಾನುವಾರದ ಪೂಜೆಗೆ ಬರುವವರಲ್ಲಿ ನರ್ಸ್ ಇದ್ದಾರೆ, ಆಡಿಟರ್ ಕಚೇರಿಯ ಗುಮಾಸ್ತರಿದ್ದಾರೆ, ಶಿಕ್ಷಕರಿದ್ದಾರೆ, ಎಲೆಕ್ಟ್ರಿಷಿಯನ್ ಇದ್ದಾರೆ, ಸಾಫ್ಟ್‌ವೇರ್ ಕಂಪನಿಯವರಿದ್ದಾರೆ. ಅವರನ್ನು "ಸಂಬಳ ಎಷ್ಟು?" ಎಂದು ಕೇಳುವ ಬದಲು "ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡಿದಿರಿ?" ಎಂದು ಕೇಳಲಿ. ನರ್ಸ್ ಅಕ್ಕ ರಾತ್ರಿಪಾಳಿಯ ಬಗ್ಗೆ ಹೇಳುತ್ತಾರೆ. ಅದರ ಜೊತೆಯಲ್ಲೇ, ಮೂರು ದಿನ ಕಣ್ಣು ತೆರೆಯದ ರೋಗಿ ನಾಲ್ಕನೆಯ ದಿನ ನೀರು ಕೇಳಿದ್ದನ್ನೂ ಹೇಳುತ್ತಾರೆ. ಎರಡನ್ನೂ ಕೇಳಿದ ಮೇಲೂ "ಆಗಬಹುದು" ಎನಿಸಿದರೆ ಅದು ಗಟ್ಟಿಯಾದ ಒಪ್ಪಿಗೆ. ಅದೇ ಕೆಲಸಕ್ಕೆ ಸೇರಿ ಅರ್ಧದಲ್ಲಿ ಬಿಟ್ಟುಬಂದವರು ಯಾರಾದರೂ ಇದ್ದರೆ ಅವರನ್ನು ತಪ್ಪದೆ ಮಾತಾಡಿಸಬೇಕು. ಗೆದ್ದವರು ಹೇಳದ ವಿಷಯಗಳು ಅವರಿಗೆ ಗೊತ್ತಿರುತ್ತವೆ.

ತಕ್ಕಡಿಯ ಮುಳ್ಳಿನಂತೆ

ತಂದೆತಾಯಿಯರೇ, ಈಗ ನಿಮ್ಮೊಡನೆ ಒಂದು ಮಾತು. ಲೊಯೋಲದ ಸಂತ ಇಗ್ನಾಸಿಯವರ "ಆಧ್ಯಾತ್ಮಿಕ ಸಾಧನೆಗಳು" 1548ರಲ್ಲಿ ಮೊದಲು ಅಚ್ಚಾಯಿತು. ಬಾಳಿನ ಆಯ್ಕೆಗಳನ್ನು ಮಾಡುವುದು ಹೇಗೆಂದು ಅದರಲ್ಲಿ ವಿವರವಾಗಿ ಹೇಳಲಾಗಿದೆ. ಧ್ಯಾನವನ್ನು ನಡೆಸಿಕೊಡುವ ಗುರು, ಮುಂದೆ ಕುಳಿತವನನ್ನು ಆ ಕಡೆಗೋ ಈ ಕಡೆಗೋ ಎಳೆಯದೆ ತಕ್ಕಡಿಯ ನಡುವಿನ ಮುಳ್ಳಿನಂತೆ ನಿಲ್ಲಬೇಕು ಎಂಬುದು ಅವರ ಸೂಚನೆ. ಗುರುಗಳಿಗೇ ಇಷ್ಟು ಸಂಯಮ ಬೇಕಾದರೆ ಹೆತ್ತವರಿಗೆ ಎಷ್ಟು ಬೇಡ? ನೀವು ಡಾಕ್ಟರಾಗಲು ಆಸೆಪಟ್ಟು ಆಗದೆ ಹೋಗಿರಬಹುದು. ಆ ಆಸೆ ದೊಡ್ಡದೇ. ಆದರೆ ಅದು ನಿಮ್ಮ ಆಸೆ.

ಹಾಗೆಂದು ಸುಮ್ಮನಿರಿ ಎಂದು ಅರ್ಥವಲ್ಲ. ಮನೆಯ ಹಣಕಾಸಿನ ಸ್ಥಿತಿಯನ್ನು ಮಕ್ಕಳಿಂದ ಮುಚ್ಚಿಡಬೇಡಿ. ಇಷ್ಟು ಫೀಸು ಕಟ್ಟಬಲ್ಲೆವು, ಇದಕ್ಕಿಂತ ಮೇಲೆ ಸಾಲ ಮಾಡಬೇಕು, ಸಾಲ ಮಾಡಿದರೆ ತಂಗಿಯ ಓದಿಗೆ ಇಷ್ಟು ಉಳಿಯುತ್ತದೆ ಎಂದು ಊಟದ ನಂತರ ಕೂತು ಲೆಕ್ಕ ತೋರಿಸಿ. ಹದಿನಾರು ವರ್ಷದವರಿಗೆ ಇದು ಅರ್ಥವಾಗುತ್ತದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನಗಳನ್ನು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಕೊನೆಯ ದಿನಾಂಕ ಮುಗಿದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಇನ್ನು, ಪರಿಚಯದವರ ಮೂಲಕ ಒಂದು ಸೀಟು ಸಿಕ್ಕಿತು ಎಂಬುದಷ್ಟೇ ಒಂದು ವಿಷಯವನ್ನು ಓದಲು ಕಾರಣವಾಗಬಾರದು. ಅಗ್ಗದಲ್ಲಿ ಸಿಕ್ಕಿತೆಂದು ಕಾಲಿಗಾಗದ ಚಪ್ಪಲಿಯನ್ನು ಯಾರೂ ಕೊಳ್ಳುವುದಿಲ್ಲವಷ್ಟೆ.

ದೊಡ್ಡ ಮಗ ಓದಿದ ಕಾಲದ ನಿಯಮ ಚಿಕ್ಕವಳಿಗೆ ಅನ್ವಯಿಸದಿರಬಹುದು ಎಂಬುದನ್ನೂ ಗಮನಿಸಿ. 2021-22ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷಗಳ ಪದವಿ ಬಂತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಆದ್ದರಿಂದ ಯಾರೋ ಹೇಳಿದ್ದನ್ನು ನಂಬದೆ, ಸೇರುವ ಕಾಲೇಜಿನ ಆ ವರ್ಷದ ಪ್ರಾಸ್ಪೆಕ್ಟಸ್ಸನ್ನೇ ತಂದು ವಿಷಯಗಳ ಪಟ್ಟಿಯನ್ನು ಸಾಲು ಸಾಲಾಗಿ ಓದಿ.

ಯುವ ಮಿತ್ರರೇ, ಸಂತ ಇಗ್ನಾಸಿಯವರ ಇನ್ನೆರಡು ಉಪಾಯಗಳು ನಿಮಗಾಗಿ. ಎರಡು ವಿಷಯಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ, ನಿಮ್ಮಂಥದ್ದೇ ಅಂಕ, ನಿಮ್ಮಂಥದ್ದೇ ಮನೆ, ನಿಮ್ಮಂಥದ್ದೇ ಒಲವು ಇರುವ ಅಪರಿಚಿತನೊಬ್ಬ ಸಲಹೆ ಕೇಳಿ ಬಂದಿದ್ದಾನೆಂದು ಊಹಿಸಿಕೊಳ್ಳಿ. ಅವನಿಗೆ ಏನು ಹೇಳುವಿರಿ? ಅದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಗೆಳೆಯರೆಲ್ಲ ಸೇರುತ್ತಿದ್ದಾರೆ ಎಂಬ ಕಾರಣವನ್ನು ಅಪರಿಚಿತನಿಗೆ ಹೇಳಲು ನಿಮಗೇ ನಾಚಿಕೆಯಾಗುತ್ತದೆ. ಅದು ತಾನಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತದೆ. ಎರಡನೆಯದು: ಮನಸ್ಸು ಕುಗ್ಗಿರುವಾಗ, ಮೊದಲು ಶಾಂತ ಮನಸ್ಸಿನಿಂದ ಮಾಡಿದ ತೀರ್ಮಾನವನ್ನು ಬದಲಿಸಬಾರದು. ನಾಲ್ಕು ಅಂಕ ಕಡಿಮೆ ಬಂದ ಸಂಜೆ ಎಲ್ಲವನ್ನೂ ಬಿಟ್ಟುಬಿಡಬೇಕೆನಿಸುತ್ತದೆ. ಒಂದು ವಾರ ತಡೆಯಿರಿ. ಆಗಲೂ ಹಾಗೆಯೇ ಅನಿಸಿದರೆ ಅದು ಬೇರೆ ವಿಚಾರ.

ಬೇರೆ ವಿಚಾರವೇ ಆದರೆ, ಸೇರಿದ ಮೇಲೂ ದಾರಿಗಳಿವೆ. ತರಗತಿ ಆರಂಭವಾದ ಮೊದಲ ಕೆಲವು ವಾರಗಳಲ್ಲಿ, ದಾಖಲಾತಿ ಇನ್ನೂ ಮುಗಿಯದಿರುವಾಗ, ಕಾಂಬಿನೇಷನ್ ಬದಲಾಯಿಸಿಕೊಡುವಂತೆ ಪ್ರಾಂಶುಪಾಲರನ್ನು ಕೇಳಬಹುದು. ಸೀಟು ಇದ್ದರೆ ಒಪ್ಪುವವರು ಅನೇಕರಿದ್ದಾರೆ. ಅದಕ್ಕಾಗಿ ಮಗು ಮನೆಯಲ್ಲಿ ಬಾಯಿ ಬಿಡಬೇಕು, ಮನೆಯವರು ಕಿವಿ ಕೊಡಬೇಕು. ಮೊದಲ ತಿಂಗಳ ಕೊನೆಯಲ್ಲಿ ಒಮ್ಮೆ "ಹೇಗೆ ನಡೆಯುತ್ತಿದೆ?" ಎಂದು ನೀವೇ ಕೇಳಿ. ಆ ಹೊತ್ತಿನಲ್ಲಿ ಅಂಕದ ಮಾತು ಎತ್ತಬೇಡಿ, ಟಿ.ವಿ. ಆರಿಸಿ, ಉತ್ತರ ಬರುವವರೆಗೆ ಕಾಯಿರಿ.